ಹಣ್ಣಾಗದ ಹುಳವನ್ನು ಎಣಿಸಿದ ವರ್ಷ

ಮೂವತ್ತಮೂರು ವರ್ಷ ನಾನು ಬೇರೆಯವರು ಮಾಡಿದ ಸಂಶೋಧನೆಯನ್ನು ಎಣಿಸಿದೆ. ನಾನಾಗಿ ಒಂದು ಸಂಶೋಧನೆಯನ್ನೂ ಮಾಡಲಿಲ್ಲ. ಹೀಗೆಂದರೆ ಕೆಲವರು ಅಯ್ಯೋ ಪಾಪ ಎನ್ನುವ ಹಾಗೆ ಮುಖ ಮಾಡುತ್ತಾರೆ. ಪಾಪ ಏನೂ ಇಲ್ಲ. ರಾಗಿ ಬೆಳೆಯುವವನು ಒಬ್ಬ, ಅಳೆಯುವವನು ಒಬ್ಬ. ಅಳೆಯುವವನ ಕೊಳಗ ಸರಿಯಿಲ್ಲದಿದ್ದರೆ ಬೆಳೆದವನ ಬೆವರು ನೀರಿಗೆ ಹೋದಂತೆ. ನನ್ನ ಕೊಳಗ ಸರಿಯಿತ್ತು. ಒಂದೇ ಒಂದು ಸಲ ಸರಿಯಿರಲಿಲ್ಲ, ಆ ಸಲ ಒಂದು ಪ್ರಯೋಗಾಲಯವೇ ಮುಚ್ಚಿಹೋಗುವುದರಲ್ಲಿತ್ತು. ಈ ಕೆಲಸಕ್ಕೆ ಈಗ ಹೊಸದಾಗಿ ಬರುತ್ತಿರುವವರು ಮುಖ್ಯವಾಗಿ ಅದನ್ನೇ ಓದಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ರಾಮನಗರದ ಹೊರಗೆ ಒಂದು ಸಂಶೋಧನಾ ಕೇಂದ್ರ. ರೇಷ್ಮೆ ಮುಖ್ಯ, ಅದರ ಜೊತೆಗೆ ಮಣ್ಣು, ನೀರು, ದನಕರು, ಬೆಳೆ. ಈ ಒಂದೊಂದು ವಿಷಯದಲ್ಲಿ ವರ್ಷಕ್ಕೆ ಎಷ್ಟು ಸಂಶೋಧನಾ ಲೇಖನ ಬಂದವು, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಲೆಕ್ಕ ಹಾಕಿ ಬೆಂಗಳೂರಿನ ಸಮಿತಿಗೆ ವರದಿ ಕಳಿಸುವುದು ನಮ್ಮ ವಿಭಾಗದ ಕೆಲಸ. ಅದಕ್ಕೆ ‘ಏರಿಕೆ ಇಳಿಕೆ ವರದಿ’ ಎಂದು ಹೆಸರು. ಯಾವ ವಿಷಯಕ್ಕೆ ಇನ್ನೊಬ್ಬ ವಿಜ್ಞಾನಿ ಬೇಕು, ಯಾವುದಕ್ಕೆ ಇರುವವರೇ ಹೆಚ್ಚಾದರು ಎಂಬುದನ್ನು ಸಮಿತಿಯವರು ಆ ವರದಿ ಮುಂದಿಟ್ಟುಕೊಂಡು ತೀರ್ಮಾನಿಸುತ್ತಿದ್ದರು. ವಿಭಾಗ ಎಂದೆನಲ್ಲ, ಅದರಲ್ಲಿ ಇದ್ದವರು ಇಬ್ಬರು. ನಾನು, ನನ್ನ ಮೇಲಧಿಕಾರಿ ರಾಮಚಂದ್ರಯ್ಯನವರು.

ನನ್ನ ಊರು ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರು. ನಮ್ಮದು ಹೊಲ, ಹಿಪ್ಪುನೇರಳೆ ತೋಟ, ಮನೆಯೊಳಗೇ ರೇಷ್ಮೆ ಹುಳ. ಎಣಿಸುವ ಕೆಲಸ ಸಿಕ್ಕಿತು ಎಂದಾಗ ನಮ್ಮವ್ವ ಕೆಂಪಮ್ಮನಿಗೆ ಖುಷಿಯಾಗಲಿಲ್ಲ. ಹುಳದ ಮನೆಯಲ್ಲಿ ಎಣಿಸಬಾರದು, ಕಣ್ಣು ಬೀಳುತ್ತದೆ ಎಂಬುದು ನಮ್ಮ ಕಡೆಯ ಹೆಂಗಸರ ಕಟ್ಟಳೆ. ಹುಳ ಎಷ್ಟಿದೆ, ಗೂಡು ಎಷ್ಟಾದೀತು ಎಂದು ಹುಳ ಮೇಯುವ ತಟ್ಟೆಯ ಮುಂದೆ ನಿಂತು ಬಾಯಿ ಬಿಡುವ ಹಾಗಿಲ್ಲ. ಹುಳ ಹಣ್ಣಾಗಿ ಚಂದ್ರಿಕೆ ಏರಿ ಗೂಡು ಕಟ್ಟಿದ ಮೇಲೆಯೇ ಲೆಕ್ಕ. ಹಣ್ಣಾಗುವುದೆಂದರೆ ಮೇವು ಬಿಟ್ಟು, ಮೈ ಹೊಂಬಣ್ಣಕ್ಕೆ ತಿರುಗಿ, ನೂಲು ಬಿಡಲು ತಯಾರಾಗುವುದು. ಚಂದ್ರಿಕೆ ಎಂದರೆ ಗೂಡು ಕಟ್ಟಲು ಹುಳವನ್ನು ಬಿಡುವ, ಸುರುಳಿ ಸುರುಳಿಯಾಗಿ ಹೆಣೆದ ಬಿದಿರಿನ ತಟ್ಟಿ.

"ಎಣ್ಸೋದೇ ಕೆಲ್ಸ ಅಂದ್ರೆ ಏನೇ ಅದು? ಮಾಡೋದು ಯಾರು ಮತ್ತೆ?" ಎಂದು ಅವ್ವ ಕೇಳಿದಳು.

"ಮಾಡೋರು ಬೇರೆ ಅವ್ರೆ ಕಣವ್ವ."

"ಹಂಗಾರೆ ನೀನು ಕಣ್ಣಾಕಾಕೆ ಸಂಬಳ ತಗತೀಯ ಅನ್ನು."

ಆ ಮಾತನ್ನು ಅವಳು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಕಚೇರಿಯಲ್ಲೂ ನನ್ನನ್ನು ಪುಟ್ಟಲಕ್ಷ್ಮಮ್ಮ ಎಂದು ಕರೆದವರು ಕಡಿಮೆ, ಎಲ್ಲರ ಬಾಯಲ್ಲೂ ನಾನು ಎಣಿಕೆ ಲಕ್ಷ್ಮಮ್ಮ. ಆ ಹೆಸರಿಗೆ ಮಾತ್ರ ನನಗೆ ಬೇಸರವಿರಲಿಲ್ಲ.

ರಾಮಚಂದ್ರಯ್ಯನವರು ದೊಡ್ಡಮಳೂರಿನವರು. ಅಂಗಿಯ ಮೇಲುಗಡೆಯ ಗುಂಡಿಯನ್ನು ಬೇಸಿಗೆಯಲ್ಲೂ ಬಿಚ್ಚಿದವರಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಅವರು ನನ್ನ ಕೈಗೆ ಪೆನ್ನು ಕೊಡಲಿಲ್ಲ, ಒಂದು ರಬ್ಬರ್ ಸೀಲು ಕೊಟ್ಟರು. ತಾರೀಕು ತಿರುಗಿಸುವ ಸೀಲು. "ಯಾವ ಸಂಶೋಧನಾ ಪತ್ರಿಕೆ ಬಂದರೂ ಮೊದಲು ಬಂದ ತಾರೀಕಿನ ಸೀಲು, ಆಮೇಲೆ ವಹಿಯಲ್ಲಿ ಆ ತಾರೀಕು, ಆಮೇಲೆ ಉಳಿದದ್ದು" ಎಂದರು. ಪತ್ರಿಕೆಯ ಮೇಲೆ ಪ್ರಕಟವಾದ ವರ್ಷ ಅಚ್ಚಾಗಿಯೇ ಇರುತ್ತದಲ್ಲ, ಇನ್ನೊಂದು ತಾರೀಕು ಯಾಕೆ ಎಂದು ಕೇಳಿದೆ.

"ಮಗು ಹುಟ್ಟಿದ ದಿನ ಬೇರೆ, ಅದು ನಮ್ಮ ಮನೆಗೆ ಬಂದ ದಿನ ಬೇರೆ. ಎರಡೂ ಬರೆದಿಡಮ್ಮ. ಬೇಕಾಗತ್ತೆ."

ಯಾವಾಗ ಬೇಕಾಗುತ್ತದೆ ಎಂದು ಅವರು ಹೇಳಲಿಲ್ಲ. ಅವರ ಅಭ್ಯಾಸವೇ ಹಾಗೆ, ಕಾರಣವನ್ನು ಜೇಬಿನಲ್ಲಿಟ್ಟುಕೊಂಡು ಕೆಲಸವನ್ನು ಮಾತ್ರ ಹೊರಗೆ ಕೊಡುತ್ತಿದ್ದರು. ಹಾಕಿ ಹಾಕಿ ಆ ಸೀಲಿನ ಹಿಡಿ ಎರಡು ಸಲ ಮುರಿಯಿತು. ಎರಡನೆಯ ಸಲ ನಾನೇ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರ ಹತ್ತಿರ ಕೊಟ್ಟು ಆಲೆಮರದ ಹೊಸ ಹಿಡಿ ಮಾಡಿಸಿದೆ. ಅರಗಿನ ಕೆಂಪು, ನಡುವೆ ಒಂದು ಹಳದಿ ಪಟ್ಟೆ. ಸರ್ಕಾರಿ ಸೀಲಿಗೆ ಬುಗುರಿಯ ಬಣ್ಣ ಬಂತೆಂದು ಕಚೇರಿಯವರೆಲ್ಲ ಆಡಿಕೊಂಡರು.

ಆ ಕಾಲದಲ್ಲಿ ಎಲ್ಲವೂ ಚೀಟಿಯ ಮೇಲೆ. ಒಂದು ಲೇಖನಕ್ಕೆ ಒಂದು ಚೀಟಿ. ಮಣ್ಣಿಗೆ ಕಂದು, ಬೆಳೆಗೆ ಹಸಿರು, ರೇಷ್ಮೆಗೆ ಬಿಳಿ. ಚೀಟಿ ವಿಂಗಡಿಸಲು ಡಬ್ಬಿಗಳು ಸಾಲದೆ ಹೋದಾಗ ನಾನು ಊರಿಂದ ಹಳೆಯ ಚಂದ್ರಿಕೆಯೊಂದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು ಗೋಡೆಗೆ ಒರಗಿಸಿಟ್ಟೆ. ಅದರ ಸುರುಳಿಯ ಸಂದಿನಲ್ಲಿ ವರ್ಷವಾರು ಚೀಟಿ ಸಿಕ್ಕಿಸಿದರೆ ಯಾವ ಬಣ್ಣ ಹೆಚ್ಚಿತು, ಯಾವುದು ಕರಗಿತು ಎಂದು ಬಾಗಿಲಲ್ಲೇ ನಿಂತು ಹೇಳಬಹುದಿತ್ತು. ಈಗಿನವರು ಕಂಪ್ಯೂಟರಿನಲ್ಲಿ ಬಣ್ಣದ ಚಿತ್ರ ತೋರಿಸಿದಾಗ ನನಗೆ ಹೊಸತೇನೂ ಅನ್ನಿಸಲಿಲ್ಲ. ಅದನ್ನು ನಾನು ಬಿದಿರಿನಲ್ಲಿ ಮಾಡಿದ್ದೆ.

ವರದಿ ಹೊರಗೆ ಹೋಗುವ ಮೊದಲೇ ಸಿಕ್ಕಿಬಿದ್ದ ತಪ್ಪುಗಳೂ ಇದ್ದವು. ಎರಡನೆಯ ವರ್ಷದಲ್ಲೇ ಮಣ್ಣಿನ ಲೆಕ್ಕ ಒಮ್ಮೆಲೇ ಮೂರರಷ್ಟು ಜಿಗಿಯಿತು. ನಾನು ಹಿಗ್ಗಿ ಹೋಗಿ ವರದಿ ಒಯ್ದೆ. ರಾಮಚಂದ್ರಯ್ಯನವರು ಕನ್ನಡಕದ ಮೇಲಿಂದ ನೋಡಿದರು. "ಏನಮ್ಮ, ನಮ್ಮ ಮಣ್ಣಿಗೆ ಒಂದೇ ವರ್ಷದಲ್ಲಿ ಇಷ್ಟು ಬುದ್ಧಿ ಬಂತಾ?" ಎಂದರು. ಚೀಟಿ ತೆಗೆದು ನೋಡಿದರೆ ಒಂದೇ ಲೇಖನ ಮೂವರು ಲೇಖಕರ ಹೆಸರಿನಲ್ಲಿ ಮೂರು ಚೀಟಿಯಾಗಿತ್ತು. ಹಾಗೆ ಬರೆದವಳು ನಾನೇ. ಸಂಖ್ಯೆ ಜಿಗಿದರೆ ಸಂತೋಷಪಡುವ ಮೊದಲು ಅದು ಎಲ್ಲಿಂದ ಜಿಗಿಯಿತು ಎಂದು ಕೇಳಬೇಕೆಂಬುದು ಅವತ್ತು ಗೊತ್ತಾಯಿತು. ಕುಸಿದರೂ ಅದೇ ಪ್ರಶ್ನೆ ಕೇಳಬೇಕು ಎಂಬುದು ಗೊತ್ತಾಗಲು ಮಾತ್ರ ಮೂವತ್ತು ವರ್ಷ ಹಿಡಿಯಿತು.

ಇನ್ನೊಮ್ಮೆ ಮಾಗಡಿ ಕಡೆಯ ಕಾಲೇಜಿನ ಮೇಷ್ಟ್ರೊಬ್ಬರು ತಾವು ಬರೆದ ಲೇಖನವನ್ನು ಎದೆಗವಚಿಕೊಂಡು ಬಂದರು. ಕೆರೆಯ ಹೂಳಿನ ಮೇಲೆ ಬರೆದಿದ್ದರು. ನಾನು ಅದನ್ನು ನೀರಿಗೆ ಹಾಕಿದ್ದೆ.

"ಮೇಡಂ, ಹೂಳು ಅಂದ್ರೆ ಮಣ್ಣಲ್ವಾ?" ಎಂದರು.

"ಮಣ್ಣೇ. ಆದ್ರೆ ಕೆರೆ ಒಳಗೈತಲ್ಲ ಸಾರ್."

"ಹೊಲಕ್ಕೆ ಹೊಡೆದ ಮೇಲೆ?"

ಕೊನೆಗೆ ರಾಮಚಂದ್ರಯ್ಯನವರು ಅರ್ಧ ಮಣ್ಣಿಗೆ, ಅರ್ಧ ನೀರಿಗೆ ಎಂದು ಪಂಚಾಯ್ತಿ ಮಾಡಿದರು. ಅಂದಿನಿಂದ ಎರಡು ವಿಷಯಕ್ಕೆ ಸೇರಿದ ಲೇಖನವನ್ನು ಅರ್ಧರ್ಧವಾಗಿ ಎಣಿಸುವುದು ನಮ್ಮಲ್ಲಿ ಪದ್ಧತಿಯಾಯಿತು. ದೊಡ್ಡ ದೊಡ್ಡ ಕಡೆಯಲ್ಲೂ ಹೀಗೇ ಹಂಚಿ ಎಣಿಸುತ್ತಾರೆಂದು ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ನಮಗೆ ಕಲಿಸಿದ್ದು ಮಾಗಡಿಯ ಹೂಳು.

ರಾಮಚಂದ್ರಯ್ಯನವರಲ್ಲಿ ನನಗೆ ಹಿಡಿಸದ ಗುಣವೊಂದಿತ್ತು. ವರದಿಯನ್ನು ಅವರು ಯಾವತ್ತೂ ಎರಡು ವರ್ಷ ಹಿಂದಕ್ಕೇ ನಿಲ್ಲಿಸುತ್ತಿದ್ದರು. ಹೋದ ವರ್ಷದ್ದು, ಅದರ ಹಿಂದಿನದ್ದು ಕೈಯಲ್ಲಿದ್ದರೂ ಸೇರಿಸುತ್ತಿರಲಿಲ್ಲ. ಬೆಂಗಳೂರಿನವರು ಎಷ್ಟು ಕೇಳಿದರೂ "ಇನ್ನೂ ಆಗಿಲ್ಲ" ಎಂಬ ಒಂದೇ ಉತ್ತರ. ಮುದುಕರ ನಿಧಾನ ಎಂದುಕೊಂಡಿದ್ದೆ. ಅವರು ನಿವೃತ್ತರಾದರು, ಕೆಲವು ವರ್ಷಗಳಲ್ಲಿ ತೀರಿಯೂ ಹೋದರು. ಎರಡು ವರ್ಷ ಹಿಂದಕ್ಕೆ ನಿಲ್ಲಿಸುವುದನ್ನು ನಾನೂ ಮುಂದುವರಿಸಿದೆ, ಆದರೆ ಆ ‘ಇನ್ನೂ ಆಗಿಲ್ಲ’ ಎಂಬುದರ ಅರ್ಥವನ್ನು ಕೇಳಿ ಇಟ್ಟುಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಚೀಟಿಗಳೆಲ್ಲ ಒಳಗೆ ಹೋದವು, ಚಂದ್ರಿಕೆ ಸ್ಟೋರಿಗೆ ಹೋಯಿತು. ಹೊಸ ತಂತ್ರಾಂಶದಲ್ಲಿ ಪ್ರಕಟವಾದ ವರ್ಷಕ್ಕೆ ಜಾಗವಿತ್ತು, ನಮಗೆ ತಲುಪಿದ ತಾರೀಕಿಗೆ ಜಾಗವಿರಲಿಲ್ಲ. ಸೀಲು ಇನ್ನು ಬೇಡ ಎಂದು ಆದೇಶವೂ ಬಂತು. ನಾನು ಬಿಡಲಿಲ್ಲ. ದಿನಾ ಬೆಳಿಗ್ಗೆ ಬಂದ ಪತ್ರಿಕೆಗೆ ಸೀಲು ಒತ್ತಿ, ವಹಿಯಲ್ಲಿ ಬರೆದು, ಆಮೇಲೆ ಕಂಪ್ಯೂಟರಿಗೆ ಹಾಕುತ್ತಿದ್ದೆ. ಅಂಚೆಯ ಬದಲು ಕಂಪ್ಯೂಟರಿಗೇ ಬರುವ ಪತ್ರಿಕೆಗಳ ಮೊದಲ ಪುಟವನ್ನು ಮುದ್ರಿಸಿ ಅದಕ್ಕೂ ಒತ್ತುತ್ತಿದ್ದೆ. ಹಟ ಎನ್ನಿ, ಅಭ್ಯಾಸ ಎನ್ನಿ.

ನನ್ನ ನಿವೃತ್ತಿಗೆ ಸ್ವಲ್ಪ ಮೊದಲು ಸುರೇಂದ್ರನಾಥ್ ಎಂಬವರು ನಿರ್ದೇಶಕರಾಗಿ ಬಂದರು. ಚುರುಕು ಮನುಷ್ಯ, ಕೆಟ್ಟವರಲ್ಲ. ಬಂದ ವಾರದಲ್ಲೇ ನನ್ನನ್ನು ಕರೆಸಿದರು. "ಎರಡು ವರ್ಷ ಹಳೆಯ ವರದಿ ಯಾರಿಗೆ ಬೇಕು ಲಕ್ಷ್ಮಮ್ಮ? ಹಳಸಿದ ಅನ್ನ ಬಡಿಸ್ತಾ ಇದೀವಿ. ಹೋದ ತಿಂಗಳವರೆಗಿನ ಲೆಕ್ಕ ಕೊಡಿ" ಎಂದರು. ನನಗೂ ಸರಿಯೆನ್ನಿಸಿತು. ನಾನೂ ಹೊಸ ಕಾಲದವಳು ಎಂದು ತೋರಿಸುವ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಒಂದು ಗುಂಡಿ ಒತ್ತಿದೆ, ಎಲ್ಲ ವಿಷಯದ ಗೆರೆಗಳೂ ಪರದೆಯ ಮೇಲೆ ಬಂದವು. ಮಣ್ಣು, ನೀರು, ಬೆಳೆ ಕೊನೆಯಲ್ಲಿ ಒಂದಿಷ್ಟು ಬಾಗಿದ್ದವು. ಒಂದು ಗೆರೆ ಮಾತ್ರ ಬಾವಿಗೆ ಬಿಟ್ಟ ಹಗ್ಗದ ಹಾಗೆ ನೆಟ್ಟಗೆ ಕೆಳಗಿಳಿದಿತ್ತು. ಅದು ಹುಳದ ರೋಗದ ಸಂಶೋಧನೆಯ ಗೆರೆ.

ಹುಳದ ರೋಗ ಎಂದರೆ ನಮ್ಮಲ್ಲಿ ಜಯಶೀಲ ಮೇಡಂ. ಕನಕಪುರದವರು. ಸಪ್ಪೆ ರೋಗ, ಹಾಲುತೊಂಡೆ ಎಂದು ಹುಳಕ್ಕೆ ಬರುವ ಕಾಯಿಲೆಗಳ ಬೆನ್ನು ಹತ್ತಿದವರು. ಉಯ್ಯಂಬಳ್ಳಿ ಕಡೆಯ ಹೆಂಗಸರು ಕಾಯಿಲೆ ಬಿದ್ದ ಹುಳವನ್ನು ಟಿಫನ್ ಡಬ್ಬಿಯಲ್ಲಿ ಹಾಕಿಕೊಂಡು ಎರಡು ಬಸ್ಸು ಬದಲಾಯಿಸಿ ಅವರ ಹತ್ತಿರ ಬರುತ್ತಿದ್ದರು. ಮೇಡಂ ಅದೇ ಡಬ್ಬಿಯ ಮೇಲೆ ಊರಿನ ಹೆಸರು, ಮನೆಯವರ ಹೆಸರು ಬರೆದು ಒಳಗಿಟ್ಟುಕೊಂಡು, ಹೆಂಗಸರಿಗೆ ತಮ್ಮ ಊಟದ ಡಬ್ಬಿ ಕೊಟ್ಟು ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಆ ಮಾದರಿಗಳೆಲ್ಲ ಅವರ ಪ್ರಯೋಗಾಲಯದ ತಂಪು ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಕೂಡಿದ್ದವು.

ವರದಿ ಹೋಯಿತು. ಎರಡೇ ತಿಂಗಳಲ್ಲಿ ಸಮಿತಿಯಿಂದ ಪತ್ರ ಬಂತು. ಹುಳದ ರೋಗದ ಸಂಶೋಧನೆ ಕುಸಿಯುತ್ತಿರುವುದರಿಂದ ಆ ಪ್ರಯೋಗಾಲಯವನ್ನು ಮುಚ್ಚಿ, ವಿಜ್ಞಾನಿಯನ್ನು ಬೇರೆ ಜಿಲ್ಲೆಗೆ ಕಳಿಸುವ ಪ್ರಸ್ತಾವ. ಮುಂದಿನ ಸಭೆಯಲ್ಲಿ ಅಂತಿಮ ತೀರ್ಮಾನ. ಮಾದರಿಗಳನ್ನು ವಿಲೇವಾರಿ ಮಾಡುವುದು ಎಂದೂ ಒಂದು ಸಾಲಿತ್ತು.

ಜಯಶೀಲ ಮೇಡಂ ನನ್ನ ಮೇಜಿನ ಹತ್ತಿರ ಬಂದು ನಿಂತರು. ಕೂಗಾಡಲಿಲ್ಲ.

"ಲಕ್ಷ್ಮಮ್ಮ, ನಾವು ಕೆಲ್ಸ ಕಮ್ಮಿ ಮಾಡಿಲ್ಲ. ನಾನೂ ಮಾಡಿಲ್ಲ, ಬೇರೆ ಕಡೆ ಇರೋರೂ ಮಾಡಿಲ್ಲ, ಅವ್ರ ಜೊತೆ ದಿನಾ ಮಾತಾಡ್ತೀನಿ. ಮತ್ತೆ ನಿಮ್ ಗೆರೆ ಯಾಕೆ ಬೀಳ್ತೈತೆ?"

ಅದಕ್ಕೆ ನಾನು ಕೊಟ್ಟ ಉತ್ತರವನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ. "ಗೆರೆ ಸುಳ್ಳು ಹೇಳಲ್ಲ ಮೇಡಂ" ಎಂದೆ. ಮೂವತ್ತು ವರ್ಷದ ಜಂಬ ಆ ಮಾತಿನಲ್ಲಿತ್ತು. ಅವರು ತಿರುಗಿ ಪ್ರಯೋಗಾಲಯದ ಕಡೆ ಹೋದರು.

ಆ ಭಾನುವಾರ ಅಕ್ಕೂರಿಗೆ ಹೋಗಿದ್ದೆ. ಮನೆಯ ತೋಟ, ಹುಳದ ಮನೆ ಎಲ್ಲ ಈಗ ನನ್ನ ತಮ್ಮನ ಸಂಸಾರದ ಕೈಯಲ್ಲಿದೆ. ಅವ್ವನಿಗೆ ಎಂಬತ್ತು ದಾಟಿದ್ದರೂ ಹಣ್ಣು ಹುಳ ಆರಿಸುವ ದಿನ ಯಾರು ಬೇಡವೆಂದರೂ ಕೇಳುವುದಿಲ್ಲ. ನಾನು ಒಳಗೆ ಹೋದಾಗ ಚಂದ್ರಿಕೆಗಳೆಲ್ಲ ಸಾಲಾಗಿ ನಿಂತಿದ್ದವು. ಮೊದಲಿನವು ತುಂಬಿದ್ದವು, ಕೊನೆಯ ಎರಡರಲ್ಲಿ ಅಲ್ಲೊಂದು ಇಲ್ಲೊಂದು ಹುಳ. ನನಗೆ ತಡೆಯಲಾಗಲಿಲ್ಲ.

"ಏನವ್ವ, ಈ ಸಲ ಹುಳ ಕಮ್ಮಿ ಆಗೋದ್ವಾ? ಇವೆರಡು ಬರೀ ಖಾಲಿ ಅವಲ್ಲ" ಎಂದೆ.

ಅವ್ವ ತಲೆಯೆತ್ತಿ ನೋಡಿದಳು. ಬೈಗುಳ ಅವಳ ಬಾಯಲ್ಲಿ ತಯಾರಾಗಿಯೇ ಇತ್ತು. "ಬಾಯ್ಮುಚ್ಚೇ. ಹುಳದ್ಮನೇಲಿ ನಿಂತ್ಕಂಡು ಕಮ್ಮಿ ಅಂತಾಳೆ. ಕಮ್ಮಿ ಯಾಕಾದಾತು? ಇನ್ನೂ ಹಣ್ಣಾಗಿಲ್ಲ ಕಣೆ, ತಟ್ಟೇಲೇ ಅವೆ, ಸೊಪ್ಪು ತಿಂತಾ ಅವೆ. ಮೊದ್ಲು ಹಣ್ಣಾದವು ಮೊದ್ಲು ಹತ್ತುದ್ವು. ತಡವಾದವು ನಾಳೆ ಬತ್ತವೆ, ನಾಡಿದ್ದು ಬತ್ತವೆ. ಒಸಿ ತಡ್ಕಳಕಾಗಲ್ವಾ ನಿಂಗೆ? ಹಣ್ಣಾಗ್ದಿರೋ ಹುಳ ಎಣ್ಸಿ ಬೆಳೆ ಹೋಯ್ತು ಅಂದ್ರೆ ಬೆಳೆದೋರ ಹೊಟ್ಟೆ ಉರಿಯಾಕಿಲ್ವಾ?"

ನಾನು ಆ ಎರಡು ಖಾಲಿ ಚಂದ್ರಿಕೆಗಳನ್ನೇ ನೋಡುತ್ತ ನಿಂತುಬಿಟ್ಟೆ. ಕೊನೆಯ ಎರಡು ಚಂದ್ರಿಕೆ, ಕೊನೆಯ ಎರಡು ವರ್ಷ. ರಾಮಚಂದ್ರಯ್ಯನವರ ‘ಇನ್ನೂ ಆಗಿಲ್ಲ’ ಎಂಬ ಮಾತು ನೆನಪಾಯಿತು. ಊಟ ಮಾಡದೆ ಎದ್ದು ಬಂದೆನೆಂದು ಅವ್ವ ಇವತ್ತಿಗೂ ದೂರುತ್ತಾಳೆ.

ಸೋಮವಾರ ಬೆಳಿಗ್ಗೆ ವಹಿಗಳನ್ನೆಲ್ಲ ಇಳಿಸಿದೆ. ಪ್ರತಿ ಲೇಖನದ ಮುಂದೆ ಎರಡು ತಾರೀಕು, ಅಚ್ಚಾದ ವರ್ಷ ಮತ್ತು ನಮಗೆ ತಲುಪಿದ ದಿನ. ಮಣ್ಣು, ಬೆಳೆಯ ಪತ್ರಿಕೆಗಳು ಆಯಾ ತಿಂಗಳೇ ಬಂದು ಮುಟ್ಟುತ್ತಿದ್ದವು. ಹುಳದ ರೋಗದ ಮುಖ್ಯ ಪತ್ರಿಕೆ ವರ್ಷಕ್ಕೆ ಎರಡೇ ಸಂಚಿಕೆ, ಅದೂ ಯಾವಾಗಲೂ ತಡ. ಮುಖಪುಟದ ಮೇಲೆ ಒಂದು ವರ್ಷ ಅಚ್ಚಾಗಿದ್ದರೆ ನಮ್ಮ ಕೈಗೆ ಬರುವ ಹೊತ್ತಿಗೆ ಅದರ ಮೇಲೆ ಎರಡು ಯುಗಾದಿ ಕಳೆದಿರುತ್ತಿದ್ದವು. ನಾನು ಎಣಿಸಿದಾಗ ಆ ವರ್ಷಗಳ ಲೇಖನಗಳು ಇನ್ನೂ ದಾರಿಯಲ್ಲಿದ್ದವು. ಕಂಪ್ಯೂಟರಿಗೆ ಅದು ತಿಳಿಯುವುದಿಲ್ಲ, ಬಂದದ್ದನ್ನು ಮಾತ್ರ ಎಣಿಸುತ್ತದೆ. ನನಗೆ ತಿಳಿಯಬೇಕಿತ್ತು. ಸೀಲು ಒತ್ತಿದವಳೂ ನಾನೇ, ಒತ್ತಿದ ಸೀಲನ್ನು ನೋಡದವಳೂ ನಾನೇ.

ಆಮೇಲೆ ಮಾಡಿದ ಕೆಲಸ ನನ್ನ ವೃತ್ತಿಯಲ್ಲೇ ಒಳ್ಳೆಯದು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹಿಂದಿನ ಒಂದೊಂದು ವರ್ಷಕ್ಕೂ ಹೀಗೆ ಕೇಳಿದೆ: ಇದೇ ತಿಂಗಳಲ್ಲಿ, ಇಷ್ಟೇ ಅವಸರದಲ್ಲಿ ಆಗ ಎಣಿಸಿದ್ದರೆ ಎಷ್ಟು ಸಿಗುತ್ತಿತ್ತು? ಸೀಲಿನ ತಾರೀಕು ಹಿಡಿದು ಅಷ್ಟೇ ಲೇಖನಗಳನ್ನು ಎಣಿಸಿದೆ. ಎಳೆಯದನ್ನು ಎಳೆಯದರ ಜೊತೆ, ಬಲಿತದ್ದನ್ನು ಬಲಿತದ್ದರ ಜೊತೆ ಹೋಲಿಸಬೇಕು, ಅಷ್ಟೇ ವಿಷಯ. ಯಾವ ವರ್ಷವನ್ನು ಹಾಗೆ ನೋಡಿದರೂ ಹುಳದ ರೋಗದ ಗೆರೆ ಕೊನೆಯಲ್ಲಿ ಬಾವಿಗೆ ಬಿದ್ದಿತ್ತು, ಮುಂದಿನ ಎರಡು ವರ್ಷದಲ್ಲಿ ತಾನಾಗಿ ಮೇಲೆ ಬಂದಿತ್ತು. ಅಷ್ಟೇ ಎಳೆಯ ಲೆಕ್ಕಗಳ ಪಕ್ಕದಲ್ಲಿಟ್ಟರೆ ಈ ಸಲದ ಲೆಕ್ಕ ಒಂದು ಕೈ ಮೇಲೇ ಇತ್ತು. ಕುಸಿತ ಎಲ್ಲೂ ಇರಲಿಲ್ಲ.

ಮೊದಲು ಹೋಗಿದ್ದು ಜಯಶೀಲ ಮೇಡಂ ಹತ್ತಿರ. ಅವರು ಡಬ್ಬಿಗಳ ಮೇಲಿನ ಹೆಸರುಗಳನ್ನು ಒಂದು ಪುಸ್ತಕಕ್ಕೆ ಇಳಿಸಿಕೊಳ್ಳುತ್ತ ಕೂತಿದ್ದರು. ಎಸೆಯುವ ಮೊದಲು ಹೆಸರಾದರೂ ಉಳಿಯಲಿ ಎಂದು.

"ಬರೀಬೇಡಿ ಮೇಡಂ, ನಿಲ್ಸಿ. ನನ್ ಗೆರೆ ಸುಳ್ಳು ಹೇಳ್ತು" ಎಂದೆ.

ಅವರು ಪೆನ್ನು ಕೆಳಗಿಟ್ಟು ಪಕ್ಕದ ಸ್ಟೂಲನ್ನು ನನ್ನ ಕಡೆ ತಳ್ಳಿದರು. ಆ ಮಧ್ಯಾಹ್ನವೆಲ್ಲ ಅವರು ವಹಿ ಓದಿದರು, ನಾನು ಬರೆದುಕೊಂಡೆ. ಒಂದು ಸಲವೂ ಅವರು ನನ್ನ ಹಿಂದಿನ ಮಾತನ್ನು ಎತ್ತಿ ಆಡಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ನಿರ್ದೇಶಕರು ಎಲ್ಲ ಕೇಳಿಸಿಕೊಂಡು ಕುರ್ಚಿಗೆ ಒರಗಿದರು. "ಲೆಕ್ಕ ಸರಿಯಾಗಿದೆ ಲಕ್ಷ್ಮಮ್ಮ, ಇಲ್ಲ ಅನ್ನಲ್ಲ. ಆದರೆ ವರದಿ ಹೋಗಿ ಆಗಿದೆ, ನನ್ನ ಸಹಿ ಇದೆ. ಈಗ ತಪ್ಪು ಅಂದರೆ ನಿಮ್ಮ ಹಳೆಯ ವರದಿಗಳನ್ನೂ ಯಾರೂ ನಂಬಲ್ಲ. ಇನ್ನು ಕೆಲವೇ ತಿಂಗಳು ಇದೆ ನಿಮ್ಮ ಸರ್ವೀಸು. ಗೌರವವಾಗಿ ಹೋಗಿ. ಮುಂದಿನ ವರ್ಷದ ವರದಿಯಲ್ಲಿ ಸದ್ದಿಲ್ಲದೆ ತಿದ್ದೋಣ."

"ಮುಂದಿನ್ ವರ್ಷ ತಿದ್ದಿದ್ರೆ ಡಬ್ಬಿ ವಾಪಸ್ ಬತ್ತವಾ ಸಾರ್?" ಎಂದೆ. ಸಿಟ್ಟು ಬಂದಾಗ ನನ್ನ ಬಾಯಿಗೆ ಅಕ್ಕೂರು ಬಂದುಬಿಡುತ್ತದೆ. "ತಪ್ಪು ನಾನ್ ಮಾಡಿದ್ದು. ನನ್ ಹೆಸ್ರಲ್ಲೇ ತಿದ್ತೀನಿ. ಬರೆದು ಕೊಟ್ಬುಡ್ತೀನಿ, ನೀವು ಸಭೆಗೆ ಕಳ್ಸಿ."

ಅವರು ವರದಿಯ ನಕಲನ್ನು ತೆರೆದು ತಮ್ಮ ಸಹಿಯನ್ನೊಮ್ಮೆ ನೋಡಿಕೊಂಡರು. ಕೊನೆಗೆ, "ಕಾಗದ ಬೇಡ, ನೀವೇ ಬನ್ನಿ. ವಹಿ ತಗೊಂಡು ಬನ್ನಿ" ಎಂದರು. ಅದಕ್ಕೇ ಅವರನ್ನು ಕೆಟ್ಟವರಲ್ಲ ಎಂದು ಮೊದಲೇ ಬರೆದದ್ದು.

ಒಂಬತ್ತು ವಹಿಗಳನ್ನು ಎರಡು ಗೋಣಿಚೀಲದಲ್ಲಿ ಹಾಕಿಕೊಂಡು ರೈಲು ಹತ್ತಿದೆ. ಒಂದು ಚೀಲವನ್ನು ಜಯಶೀಲ ಮೇಡಂ ಹಿಡಿದುಕೊಂಡರು. ಅವರಿಗೆ ಸಭೆಯೊಳಗೆ ಪ್ರವೇಶವಿರಲಿಲ್ಲ, ಹೊರಗೆ ಬೆಂಚಿನ ಮೇಲೆ ಕೂತರು. ಒಳಗೆ ಉದ್ದ ಮೇಜು, ಏಳೆಂಟು ಜನ ದೊಡ್ಡವರು. ನನ್ನ ಗೋಣಿಚೀಲ ನೋಡಿ ಒಬ್ಬರು ತರಕಾರಿಯೇ ಎಂದು ತಮಾಷೆ ಮಾಡಿದರು. ಒಂದು ವಹಿ ಬಿಚ್ಚಿ ಸೀಲು ತೋರಿಸಿದೆ. ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ತಮಾಷೆ ನಿಂತಿತು. ಅಧ್ಯಕ್ಷರು ತಾವೇ ವಹಿಯನ್ನು ತಮ್ಮ ಕಡೆ ಎಳೆದುಕೊಂಡು, ಎರಡು ತಾರೀಕುಗಳ ಮೇಲೂ ಬೆರಳಿಟ್ಟು ನೋಡುತ್ತ ಹೋದರು.

"ಅಂದರೆ ನೀವೇ ಕೊಟ್ಟ ವರದಿ ತಪ್ಪು ಅಂತ ನೀವೇ ಹೇಳ್ತಾ ಇದ್ದೀರಾ?" ಎಂದು ಕೇಳಿದರು.

"ಹೌದು ಸಾರ್. ಬಿದ್ದಿದ್ದು ಅವರ ಕೆಲಸ ಅಲ್ಲ, ನನ್ನ ಎಣಿಕೆ."

"ಈ ಎರಡನೇ ತಾರೀಕು ಬರೆದಿಡಿ ಅಂತ ನಿಮಗೆ ಯಾರು ಹೇಳಿದ್ದು?"

"ದೊಡ್ಡಮಳೂರಿನ ರಾಮಚಂದ್ರಯ್ಯನವರು ಅಂತ ಒಬ್ಬರಿದ್ದರು ಸಾರ್" ಎಂದೆ. ಆ ಹೆಸರು ಅಂಥ ಕೋಣೆಯಲ್ಲಿ ಯಾವತ್ತೂ ಯಾರ ಬಾಯಲ್ಲೂ ಬಂದಿರಲಿಲ್ಲ.

ಪ್ರಯೋಗಾಲಯ ಮುಚ್ಚುವ ಪ್ರಸ್ತಾವವನ್ನು ಎರಡು ವರ್ಷ ತಡೆಹಿಡಿದರು. ಆ ವರ್ಷಗಳ ಲೇಖನಗಳು ಪೂರ್ತಿ ಬಂದ ಮೇಲೆ ಮತ್ತೆ ನೋಡುವುದು ಎಂದು ಬರೆದರು. ನಾನು ತಪ್ಪು ವರದಿ ಕೊಟ್ಟೆನೆಂದು ನನ್ನ ಕಡತದಲ್ಲಿ ಒಂದು ಟಿಪ್ಪಣಿಯೂ ಸೇರಿತು. ಅದರ ನಕಲು ನನ್ನ ಹತ್ತಿರವಿದೆ. ಬಡ್ತಿಯ ಕಾಗದಗಳು ಎಲ್ಲಿ ಹೋದವೋ, ಅದನ್ನು ಮಾತ್ರ ಜೋಪಾನವಾಗಿ ಇಟ್ಟಿದ್ದೇನೆ. ಹೊರಗೆ ಬಂದು ಸುದ್ದಿ ಹೇಳಿದಾಗ ಜಯಶೀಲ ಮೇಡಂ ಎರಡು ಗೋಣಿಚೀಲವನ್ನೂ ತಾವೇ ಎತ್ತಿಕೊಂಡು ಮುಂದೆ ನಡೆದರು. ನಾನು ಬರಿಗೈಯಲ್ಲಿ ಹಿಂದೆ ನಡೆದೆ.

ಉಳಿದ ತಿಂಗಳುಗಳಲ್ಲಿ ಒಂದು ಪದ್ಧತಿ ಮಾಡಿ ಬಂದೆ. ನಮ್ಮ ವರದಿಯಲ್ಲಿ ಕೊನೆಯ ಎರಡು ವರ್ಷದ ಗೆರೆಯನ್ನು ಗಟ್ಟಿಯಾಗಿ ಎಳೆಯುವ ಹಾಗಿಲ್ಲ, ಚುಕ್ಕಿ ಚುಕ್ಕಿಯಾಗಿ ಇಡಬೇಕು. ತಂತ್ರಾಂಶದಲ್ಲಿ ತಲುಪಿದ ತಾರೀಕಿಗೆ ಒಂದು ಅಂಕಣ ಹಾಕಿಸಿದೆ. ನನ್ನ ಜಾಗಕ್ಕೆ ಬಂದ ನಂದಿನಿ ಎಂಬ ಹುಡುಗಿ ಎಂ.ಎಸ್ಸಿ. ಓದಿದವಳು, ನನಗಿಂತ ಹತ್ತು ಪಾಲು ಜಾಣೆ. ಅವಳಿಗೆ ಬುಗುರಿ ಬಣ್ಣದ ಸೀಲು ಕೊಟ್ಟಾಗ ನಕ್ಕಳು. ಮೊದಲ ದಿನ ಇನ್ನೊಂದು ತಾರೀಕು ಯಾಕೆ ಎಂದು ಕೇಳಿದವಳು ನಾನೂ ಅಲ್ಲವೇ, ಬೈಯಲು ಬಾಯಿ ಬರಲಿಲ್ಲ. ಕಾರಣವನ್ನು ಮಾತ್ರ ಜೇಬಿನಲ್ಲಿಟ್ಟುಕೊಳ್ಳಲಿಲ್ಲ. ಅವಳನ್ನು ಕೂರಿಸಿ, ಅವ್ವನ ಚಂದ್ರಿಕೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ.

ನಿವೃತ್ತಳಾಗಿ ಎರಡು ವರ್ಷದ ಮೇಲಾಯಿತು. ಹೋದ ತಿಂಗಳು ಅಕ್ಕೂರಿನಲ್ಲಿ ಅವ್ವನ ಜೊತೆ ಹಣ್ಣು ಹುಳ ಆರಿಸುತ್ತ ಕೂತಿದ್ದಾಗ ನಂದಿನಿಯ ಫೋನು ಬಂತು. ಕೈಯೆಲ್ಲ ಸೊಪ್ಪಿನ ಕಲೆ, ಮೊಣಕೈಯಿಂದಲೇ ಒತ್ತಿ ಸ್ಪೀಕರಿಗೆ ಹಾಕಿದೆ.

"ಮೇಡಂ, ನಿಮ್ಮ ಆ ಎರಡು ವರ್ಷಗಳ ಚುಕ್ಕಿ ಗೆರೆ ಇವತ್ತಿಗೆ ಗಟ್ಟಿ ಆಗುತ್ತೆ. ತಡವಾಗಿದ್ದ ಕೊನೇ ಸಂಚಿಕೆ ಈಗ ಬಂತು. ಜಯಶೀಲ ಮೇಡಂ ಲೇಖನಾನೂ ಇದರಲ್ಲೇ ಇದೆ, ಡಬ್ಬಿ ತಂದ ಹೆಂಗಸರ ಹೆಸರೆಲ್ಲ ಕೊನೇಲಿ ಹಾಕಿದಾರೆ. ಸುಮ್ಮನೆ ಒಂದು ಅಂದಾಜು ಹಾಕಿ ನೋಡಿದೆ. ಹುಳದ ರೋಗದಲ್ಲಿ ಇಷ್ಟು ಮೇಲೆ ಯಾವ ವರ್ಷಾನೂ ಹೋಗಿಲ್ಲ ಮೇಡಂ. ಸೇರಿಸಿ ಎಣಿಸಿಬಿಡಲಾ?"

ನನಗೆ ಕಣ್ಣು ತುಂಬಿತು. ಹೆಮ್ಮೆಯಿಂದಲೇ ತುಂಬಿತು, ಬೇರೆ ಏನೂ ಅಲ್ಲ. ಅವ್ವ ಕೈಯಲ್ಲಿದ್ದ ಹುಳವನ್ನು ಚಂದ್ರಿಕೆಗೆ ಬಿಟ್ಟು, ಫೋನಿನ ಕಡೆ ಬಗ್ಗಿ, ಅದೇನು ಎಣಿಸುವುದಂತೆ ಎಂದು ನನ್ನನ್ನೇ ಕೇಳಿದಳು.

"ಹಣ್ಣಾಯ್ತಂತೆ ಕಣವ್ವ" ಎಂದೆ.

"ಹಂಗಾರೆ ಎಣ್ಸು ಅನ್ನು" ಎಂದಳು ಅವ್ವ. ಎಣಿಸು ಎಂಬ ಮಾತು ಆ ಹುಳದ ಮನೆಯಲ್ಲಿ ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಫೋನಿನಲ್ಲಿ ನಂದಿನಿ ಕಾಯುತ್ತಿದ್ದಳು. "ಮೊದ್ಲು ಸೀಲು ಒತ್ತು ಕಣಮ್ಮ" ಎಂದೆ, "ಆಮೇಲೆ ಎಣ್ಸು."